ಈಶಾನ್ಯದ ಬಚ್ಚಲು, ನನ್ನ ಹೊಟ್ಟೆಕಿಚ್ಚು

ನಮ್ಮ ಮಾಲೀಕರು ಕುರ್ಚಿ ಬಿಟ್ಟು ಎದ್ದು ನಿಂತದ್ದನ್ನು ನಾನು ನೋಡಿದ್ದು ಎರಡೇ ಸಲ. ಒಮ್ಮೆ ಮಠದ ಸ್ವಾಮಿಗಳು ಆಫೀಸಿಗೆ ಪಾದ ಬೆಳೆಸಿದಾಗ. ಇನ್ನೊಮ್ಮೆ, ಒಂದು ಶನಿವಾರ, ನನ್ನ ಹಳೆಯ ಡ್ರಾಫ್ಟ್ಸ್‌ಮನ್ ಬಂದಾಗ. ನಾನು ಆಗ ತಾನೇ ಸೈಟಿನಿಂದ ಬಂದು ಚಪ್ಪಲಿಗೆ ಮೆತ್ತಿದ್ದ ಸಿಮೆಂಟು ಒರೆಸಿಕೊಳ್ಳುತ್ತಿದ್ದೆ. ಆತ ಬಿಳಿ ಅಂಗಿ ತೊಟ್ಟು, ಕೈಗೊಂದು ಹಸಿರು ಕಲ್ಲಿನ ಉಂಗುರ ಹಾಕಿಕೊಂಡು ಒಳಗೆ ಬಂದ. ಮಾಲೀಕರು ಎದ್ದು "ಬನ್ನಿ ಸರ್, ಬನ್ನಿ" ಅಂದರು. ಆರು ವರ್ಷ ನನ್ನ ಕೈಕೆಳಗೆ ಕೂತು ನಕ್ಷೆ ಎಳೆದವನು! ಮೆಟ್ಟಿಲಿನ ನಕ್ಷೆ ಎಳೆಯುವುದನ್ನು ಅವನಿಗೆ ಕಲಿಸಿದವಳೇ ನಾನು. ಮೊದಲ ಸಲ ಎಳೆದಾಗ, ಮೇಲೆ ಹತ್ತಿದವರ ತಲೆ ಸ್ಲ್ಯಾಬಿಗೆ ಬಡಿಯುವ ಹಾಗೆ ಎಳೆದಿದ್ದ. ಈಗ ಅವನು ಊರಿಗೆಲ್ಲ ಬೇಕಾದ ವಾಸ್ತು ಮತ್ತು ಫೆಂಗ್ ಶುಯಿ ಸಲಹೆಗಾರ.

ನನ್ನನ್ನು ಕಂಡವನೇ ಕೈ ಮುಗಿದ. "ಚೆನ್ನಾಗಿದ್ದೀರಾ ಮೇಡಂ?" ಅಂದು ಮಾಲೀಕರ ಕಡೆ ತಿರುಗಿ, "ಸರ್, ನಾನು ಕಲ್ತಿದ್ದೆಲ್ಲಾ ಇವರ ಹತ್ರಾನೇ" ಎಂದ. ಅದು ಮನಸಾರೆ ಹೇಳಿದ ಮಾತೋ ಚುಚ್ಚಿ ಹೇಳಿದ್ದೋ ನನಗೆ ತಿಳಿಯಲಿಲ್ಲ. ಚುಚ್ಚಿದ್ದೇ ಅಂತ ಇಟ್ಟುಕೊಂಡೆ, ನನಗೆ ಅದೇ ಅನುಕೂಲವಾಗಿತ್ತು. ಅವನಿಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು, ನನಗೆ ಎಂದಿನಂತೆ ಪೇಪರ್ ಲೋಟದಲ್ಲಿ. ಇಂಥದ್ದನ್ನೆಲ್ಲ ಗಮನಿಸಬಾರದು ಅಂತ ನನಗೂ ಗೊತ್ತು, ಆದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ನಾನು ರಾಮಕೃಷ್ಣನಗರದ ಒಂದು ಬಿಲ್ಡರ್ ಆಫೀಸಿನಲ್ಲಿ ಎಂಜಿನಿಯರ್. ಮನೆ ಬುಕ್ ಮಾಡಿದವರು ಕೇಳುವ ಬದಲಾವಣೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮತ್ತಿ ಮರದ ಬಾಗಿಲಿನ ಬದಲು ತೇಗದ್ದು, ಮಾಮೂಲಿ ಟೈಲ್ಸ್ ಬದಲು ಗ್ರಾನೈಟು, ಹಾಲಿಗೆ ಫಾಲ್ಸ್ ಸೀಲಿಂಗು, ಗೋಡೆಗೆ ತೂಗುಹಾಕುವ ಕಮೋಡು, ಹೀಗೆ ಎರಡು ಪುಟದ ಅಪ್‌ಗ್ರೇಡ್ ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಒಂದು ಅರ್ಜಿ ತುಂಬಬೇಕು. ಅರ್ಜಿಯ ಕೊನೆಯಲ್ಲಿ 'ಎಂಜಿನಿಯರರ ಷರಾ' ಅಂತ ಒಂದು ಕಾಲಂ. ಅಲ್ಲಿ ನಾನು ಆಗುತ್ತದೋ ಆಗುವುದಿಲ್ಲವೋ, ಆಗದಿದ್ದರೆ ಯಾಕೆ ಅಂತ ಬರೆದು ಸಹಿ ಹಾಕುತ್ತೇನೆ. ಏನೂ ಬರೆಯದೆ ಬರೀ ಸಹಿ ಹಾಕಿದರೆ ನಮ್ಮಲ್ಲಿ ಅದಕ್ಕೆ 'ಅಡ್ಡಿಯಿಲ್ಲ' ಎಂದೇ ಲೆಕ್ಕ. ಯಾವತ್ತೋ ಶುರುವಾದ ರೂಢಿ ಅದು, ಯಾರೂ ಬದಲಾಯಿಸಿರಲಿಲ್ಲ.

ಆಗ ನಾವು ದಟ್ಟಗಳ್ಳಿಯ ಆಚೆ ಹನ್ನೆರಡು ಮನೆ ಕಟ್ಟಿಸುತ್ತಿದ್ದೆವು. ಎಲ್ಲವೂ ಪಶ್ಚಿಮಕ್ಕೆ ಬಾಗಿಲು, ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ನಕ್ಷೆ ನನ್ನದು. ಒಂದು ಮನೆಯನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಪಕ್ಕದ ಮನೆ ಮಾಡಿದ್ದೆ. ಹಾಗೆ ಮಾಡಿದ್ದರಿಂದ ಎರಡೂ ಮನೆಯ ಬಚ್ಚಲುಗಳು ಹಿಂಭಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು, ಎರಡಕ್ಕೂ ಸೇರಿ ಪೈಪು ಇಳಿಯುವುದಕ್ಕೆ ಒಂದೇ ಗೂಡು ಸಾಕಾಗಿತ್ತು. ನಾನು ಬಹಳ ಬೀಗಿದ್ದೆ ಅದಕ್ಕೆ. ಒಂದೇ ಕೊರತೆ ಅಂದರೆ, ಪ್ರತಿ ಜೋಡಿಯಲ್ಲೂ ಒಂದು ಮನೆಯ ಬಚ್ಚಲು ಆಗ್ನೇಯಕ್ಕೆ ಬಂದರೆ ಇನ್ನೊಂದರದ್ದು ಈಶಾನ್ಯಕ್ಕೆ ಬರುತ್ತಿತ್ತು. ವಾಸ್ತು ಕೇಳುವವರಿಗೆ ಆಗ್ನೇಯದ್ದು ಕೊಟ್ಟೆವು, ಕೇಳದವರಿಗೆ ಈಶಾನ್ಯದ್ದು. ಕೊನೆಗೆ ಉಳಿದದ್ದು ಏಳನೇ ನಂಬರ್, ಅದರ ಬಚ್ಚಲು ಈಶಾನ್ಯದಲ್ಲಿತ್ತು.

ಅದನ್ನು ಬುಕ್ ಮಾಡಿದವರು ಲಕ್ಷ್ಮೀಪುರಂನಲ್ಲಿ ಜೆರಾಕ್ಸ್ ಮತ್ತು ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದ ದಂಪತಿ. ಗಂಡ ಹಣೆ ತುಂಬ ವಿಭೂತಿ ಹಚ್ಚುವ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುವವರು, ರವಿಕೆಗೆ ಮಣಿ ಕೂರಿಸುವ ನಾಜೂಕು ಕೆಲಸವೂ ಇತ್ತು. ಬುಕ್ ಮಾಡುವಾಗ ಗಂಡ ದಿಕ್ಕು ಕೇಳಿರಲಿಲ್ಲ. ಹೆಂಡತಿ ಒಂದೇ ಒಂದು ಕೇಳಿದ್ದರು. ಕೆಳಗಿನ ಹಿಂದಿನ ಕೋಣೆಯಲ್ಲಿ ಪೂರ್ವದ ಗೋಡೆಗಿರುವ ಸಣ್ಣ ಕಿಟಕಿಯನ್ನು ಆರಡಿ ಅಗಲ ಮಾಡಿಕೊಡಬೇಕು.

"ಚಾಮರಾಜಪುರಂ ಮನೇಲಿ ಹಗಲೊತ್ತೂ ಲೈಟ್ ಹಾಕ್ಕೊಂಡೇ ಹೊಲೀಬೇಕು ಮೇಡಂ," ಎಂದಿದ್ದರು. "ಮಣಿ ಬಣ್ಣಾನೇ ಗೊತ್ತಾಗಲ್ಲ. ಕೆಂಪು ಅಂತ ಕೂರಿಸಿರ್ತೀನಿ, ಹೊರಗಡೆ ತಂದು ನೋಡಿದ್ರೆ ಮೆರೂನು! ಎಲ್ಲಾ ಬಿಚ್ಚಿ ಮತ್ತೆ ಕೂರಿಸ್ಬೇಕು. ನಂಗೆ ತೇಗದ ಬಾಗಿಲೂ ಬೇಡ, ಗ್ರಾನೈಟೂ ಬೇಡ. ಬೆಳಕು ಕೊಡಿ ಸಾಕು."

ನಾನು ಆಗಲಿ ಅಂದಿದ್ದೆ. ನಮ್ಮಲ್ಲಿ ಗೋಡೆ ಒಡೆಯುವ ಬದಲಾವಣೆ ಒಂದು ಮನೆಗೆ ಒಂದೇ. ಅದು ಮಾಲೀಕರ ಕಟ್ಟಪ್ಪಣೆ, ಇಲ್ಲದಿದ್ದರೆ ಕೆಲಸ ಮುಗಿಯುವುದೇ ಇಲ್ಲ. ಆ ಒಂದನ್ನು ಆಕೆ ಕಿಟಕಿಗೆ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಯಾರೋ ಅಂಗಡಿಯವರ ಕಿವಿಗೆ ಈಶಾನ್ಯದ ವಿಷಯ ಹಾಕಿದರು. ಅವರು ಮಾಲೀಕರ ಹತ್ತಿರ ಬಂದು ಬುಕಿಂಗ್ ಬಿಟ್ಟುಬಿಡುತ್ತೇನೆ ಅಂದರು. ಉಳಿದ ಒಂದೇ ಮನೆ ಕೈತಪ್ಪುತ್ತದಲ್ಲ ಅಂತ ಮಾಲೀಕರು ಸಲಹೆಗಾರನನ್ನು ಕರೆಸಿದರು. ಆ ಶನಿವಾರ ಕುರ್ಚಿ ಬಿಟ್ಟು ಎದ್ದದ್ದು ಇದಕ್ಕೇ.

ಎಲ್ಲರೂ ಸೈಟಿಗೆ ಹೋದೆವು. ಆತ ಚೀಲದಿಂದ ಒಂದು ಮರದ ತಟ್ಟೆ ತೆಗೆದ. ನಡುವೆ ದಿಕ್ಕು ತೋರಿಸುವ ಪುಟ್ಟ ಸೂಜಿ, ಸುತ್ತ ಬಳೆಗಳ ಹಾಗೆ ಚೀನೀ ಅಕ್ಷರಗಳ ಸಾಲು. ಅಂಗಡಿಯವರು ಅದನ್ನೇ ದೇವರ ಹಾಗೆ ನೋಡುತ್ತಿದ್ದರು. ಆತ ಪ್ರತಿ ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ಸೂಜಿ ನಿಲ್ಲುವ ತನಕ ಕಾದು, ಮೆಲ್ಲಗೆ ಮಾತಾಡಿದ. ಮುಂಬಾಗಿಲಿನಿಂದ ಹಿಂಬಾಗಿಲು ನೇರ ಕಾಣುವುದರಿಂದ ಬಂದ ಭಾಗ್ಯ ಹಾಗೇ ಹೊರಟುಹೋಗುತ್ತದಂತೆ, ನಡುವೆ ಒಂದು ಮರದ ತೆರೆ ಬೇಕಂತೆ. ಊಟದ ಜಾಗದ ಮೇಲೆ ಹಾದ ಬೀಮು ನೆತ್ತಿಯ ಮೇಲೆ ಒತ್ತಡ ಹಾಕುತ್ತದಂತೆ, ಫಾಲ್ಸ್ ಸೀಲಿಂಗ್ ಹಾಕಿ ಅದನ್ನು ಮುಚ್ಚಬೇಕಂತೆ. ಹದಿನಾಲ್ಕು ವರ್ಷ ನಾನೂ ಇದೇ ಸೀಲಿಂಗು ಮಾರಿದ್ದೇನೆ. ಚೆಂದ ಕಾಣುತ್ತದೆ ಅಂತ ಗಂಟಲು ಹರಿದುಕೊಂಡರೂ ಹತ್ತರಲ್ಲಿ ಇಬ್ಬರು ಒಪ್ಪುತ್ತಿದ್ದರು. ಇವನು ನೆತ್ತಿ ಅಂದ, ಅಂಗಡಿಯವರು ಕ್ಷಣದಲ್ಲಿ ತಲೆಯಾಡಿಸಿದರು. ನನ್ನ ಹೊಟ್ಟೆ ಉರಿದುಹೋಯಿತು.

ಮೇಲಿನ ಮಹಡಿಯ ಈಶಾನ್ಯಕ್ಕೆ ಬಂದಾಗ ಆತ ಸೂಜಿಯನ್ನೇ ನೋಡುತ್ತ ನಿಂತ. ಅಂಗಡಿಯವರೇ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಈಗಿರೋ ಬಾಡಿಗೆ ಮನೇಲೂ ಈಶಾನ್ಯದಲ್ಲೇ ಸರ್. ಆ ಮನೆಗೆ ಹೋದ್ಮೇಲೆ ಅಪ್ಪ ಹೋದ್ರು. ಅಂಗಡಿ ಎರಡು ಸಲ ಜಾಗ ಬಿಡಿಸಿದ್ರು. ಹೊಸ ಮನೇಲೂ ಇದೇ ಅಂದ್ರೆ ನಂಗೆ ನಿದ್ದೆ ಬರಲ್ಲ ಸರ್, ಬೈಕೊಂಡ್ರೂ ಪರವಾಗಿಲ್ಲ."

ಆತ ಬೈಯಲಿಲ್ಲ. ಅವರ ಹೆಗಲ ಮೇಲೆ ಕೈ ಇಟ್ಟು, "ಬಚ್ಚಲು ವಾಯವ್ಯಕ್ಕೆ ಹೋದ್ರೆ ಒಳ್ಳೇದು" ಎಂದ. ಆಮೇಲೆ ನನ್ನ ಕಡೆ ನೋಡಿ, "ಆಗತ್ತಾ ಅಂತ ಮೇಡಂ ಹೇಳ್ಬೇಕು. ಅವರು ಅರ್ಜೀಲಿ ಬರೀಲಿ, ಆಮೇಲೆ ನೋಡೋಣ" ಎಂದು ಸೇರಿಸಿದ.

ಆಗುವುದಿಲ್ಲ ಅಂತ ನನಗೆ ಅಲ್ಲೇ, ಅದೇ ನಿಮಿಷ ಗೊತ್ತಿತ್ತು. ಬಚ್ಚಲು ಬರುವ ಕಡೆ ಸ್ಲ್ಯಾಬನ್ನು ಒಂದಡಿ ತಗ್ಗಿಸಿ ಹಾಕಿರುತ್ತೇವೆ, ಪೈಪುಗಳೆಲ್ಲ ಆ ತಗ್ಗಿನಲ್ಲಿ ಅಡಗುತ್ತವೆ. ವಾಯವ್ಯದಲ್ಲಿ ತಗ್ಗಿಲ್ಲ. ಅಲ್ಲಿ ಕಮೋಡು ಕೂರಿಸಿದರೆ ಪೈಪು ಸ್ಲ್ಯಾಬಿನ ಅಡಿಯಲ್ಲಿ ನೇತಾಡಿಕೊಂಡು ಹಿಂದಿನ ಗೂಡಿನ ತನಕ ಬರಬೇಕು. ಉತ್ತರಕ್ಕೆ ಪಕ್ಕದ ಮನೆಯ ಗೋಡೆ, ಪಶ್ಚಿಮಕ್ಕೆ ಮನೆಯ ಮುಖ, ಅಲ್ಲಿ ಪೈಪು ಇಳಿಸಲು ಮಾಲೀಕರು ಜನ್ಮದಲ್ಲಿ ಒಪ್ಪುವುದಿಲ್ಲ. ಹಿಂದಕ್ಕೆ ಬರುವ ದಾರಿಯಲ್ಲಿ ಊಟದ ಜಾಗದ ಮೇಲೆ ಬೀಮು ಅಡ್ಡ. ಒಂದಡಿಗೆ ಕಾಲಿಂಚಿನಂತೆ ಇಳಿಜಾರು ಕೊಟ್ಟುಕೊಂಡು ಬಂದರೆ, ಬೀಮಿನ ಹತ್ತಿರ ಬರುವಷ್ಟರಲ್ಲಿ ಪೈಪು ಸರಿಯಾಗಿ ಬೀಮಿನ ತಳಕ್ಕೆ ಬಂದಿರುತ್ತದೆ. ಭಾರ ಹೊರುವ ಕಬ್ಬಿಣ ಇರುವುದೇ ತಳದಲ್ಲಿ. ಆ ಕಬ್ಬಿಣ ಕತ್ತರಿಸಿ ತೂತು ಕೊರೆದರೆ ಮಾತ್ರ ಪೈಪು ದಾಟುತ್ತದೆ.

ಇಷ್ಟನ್ನು ಷರಾ ಕಾಲಂನಲ್ಲಿ ಎರಡು ಸಾಲಿನಲ್ಲಿ ಬರೆಯಬಹುದಿತ್ತು. ಸೋಮವಾರ ಅರ್ಜಿ ನನ್ನ ಮೇಜಿಗೆ ಬಂತು. ಪೆನ್ನು ತೆಗೆದೆ. ಆಚೆ ಕೋಣೆಯಲ್ಲಿ ಮಾಲೀಕರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: "ಏನ್ ತಲೆ ಕಣ್ರೀ ಅವರ್ದು! ನಮ್ ಎಂಜಿನಿಯರ್‌ಗೆ ಇಷ್ಟು ವರ್ಷ ಹೊಳೀದೇ ಇದ್ದಿದ್ದು, ಒಂದು ಗಂಟೇಲಿ ಹೇಳ್ಬುಟ್ರು. ಮುಂದಿನ ಪ್ರಾಜೆಕ್ಟ್‌ಗೆ ನಕ್ಷೆ ಶುರು ಮಾಡೋಕೆ ಮುಂಚೇನೇ ಅವರನ್ನ ಕೂರಿಸ್ಬುಡೋಣ ಅಂತಿದ್ದೀನಿ."

ನನ್ನ ನಕ್ಷೆಗೆ ಮುಂಚೆ ಅವನಂತೆ! ಕೂರಲಿ. ಕೂರಲಿ ಮಹಾರಾಯ. ಕೊರೆಯುವ ದಿನ ಪ್ಲಂಬರು ಬಂದು "ಆಗಲ್ಲ" ಅಂತಾನೆ, ಆಗ ಅಂಗಡಿಯವರ ಮುಂದೆ, ಮಾಲೀಕರ ಮುಂದೆ ಇವನ ಮುಖ ಎಲ್ಲಿಟ್ಟುಕೊಳ್ಳುತ್ತಾನೋ ನೋಡೋಣ. ಕಾಲಂ ಖಾಲಿ ಬಿಟ್ಟು ಸಹಿ ಹಾಕಿದೆ. ಸಹಿ ಎಂದಿಗಿಂತ ದುಂಡಗೆ ಬಂತು.

ಮಾರನೇ ದಿನ ದಂಪತಿ ಆಫೀಸಿಗೆ ಬಂದರು. ಒಡೆಯುವ ಬದಲಾವಣೆ ಒಂದೇ ಆದ್ದರಿಂದ ಕಿಟಕಿಯೋ ಬಚ್ಚಲೋ ಅಂತ ಅವರೇ ಆರಿಸಬೇಕಿತ್ತು. ಗಂಡ ಹೆಂಡತಿಯ ಮುಖ ನೋಡಿದರು. ಆಕೆ ಹಳೆಯ ಅರ್ಜಿ ತಮ್ಮ ಕಡೆಗೆ ಎಳೆದುಕೊಂಡು 'ಕಿಟಕಿ' ಅಂತ ಇದ್ದ ಜಾಗದ ಮೇಲೆ ತಾವೇ ಗೀಟು ಹಾಕಿದರು.

"ಇವರು ನೆಮ್ಮದಿಯಾಗಿ ಮಲಗಿದ್ರೆ ಸಾಕು ಬುಡಿ," ಅಂದರು. "ಇಷ್ಟು ದಿನ ಲೈಟ್ ಹಾಕ್ಕೊಂಡು ಹೊಲಿದಿಲ್ವಾ, ಇನ್ಮೇಲೂ ಹೊಲಿಯೋಣ."

ಆಗ ಬಾಯಿ ಬಿಡಬಹುದಿತ್ತು. ಎದುರಿಗೇ ಕೂತಿದ್ದರು. ನಾನು ಗೀಟು ಹಾಕಿದ ಕಡೆ ಆಕೆಯ ಸಹಿ ತೆಗೆದುಕೊಂಡು ಫೈಲಿಗೆ ಹಾಕಿದೆ.

ಮುಂದಿನ ಮೂರು ವಾರ ಸಲಹೆಗಾರ ಪ್ರತಿ ಶನಿವಾರ ಬಂದ. ಬೇರೆ ಮನೆಗಳವರೂ ಅವನನ್ನು ಹುಡುಕಿಕೊಂಡು ಬರತೊಡಗಿದರು. ಅವನ ಕಾರಿನ ಡಿಕ್ಕಿಯಿಂದ ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಕಿಣಿಕಿಣಿ ಅನ್ನುವ ಗಾಳಿಗಂಟೆ ಒಂದೊಂದಾಗಿ ಹೊರಬರುತ್ತಿದ್ದವು. ಮೂರನೇ ನಂಬರಿನ ಯಜಮಾನರು, ನನ್ನ ಹತ್ತಿರ ಕಿಟಕಿ ಮೇಲಿನ ಸಜ್ಜದ ಇಳಿಜಾರಿಗೆ ಅರ್ಧ ದಿನ ಜಗಳ ಆಡಿದವರು, ಆ ಕಪ್ಪೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋದರು. ನಾನು ಮೇಲೆ ನಿಂತು ನೋಡುತ್ತಿದ್ದೆ. ನನಗೇನು ಕಮ್ಮಿ? ಓದು ಹೆಚ್ಚು, ಅನುಭವ ಹೆಚ್ಚು, ಕಟ್ಟಿಸಿದ ಮನೆ ನೂರಾರು. ಅವನ ಹಾಗೆ ಜನರ ಹೆಗಲ ಮೇಲೆ ಕೈ ಇಡುವುದು ಮಾತ್ರ ನನಗೆ ಬರುವುದಿಲ್ಲ. ನನ್ನ ಹತ್ತಿರ ಅಂಗಡಿಯವರು ಒಮ್ಮೆಯೂ ಅವರ ಅಪ್ಪನ ಸುದ್ದಿ ಎತ್ತಿರಲಿಲ್ಲ.

ಆತ ಸೈಟಿಗೆ ಬಂದಾಗೆಲ್ಲ ನನಗೂ ಒಂದು ಹೊಟ್ಟೆ ತಂಪಾಗುವ ಯೋಚನೆ ಬರುತ್ತಿತ್ತು. ಇರು ಮಗನೇ, ಬೀಮ್ ಇದೆ ಮುಂದೆ, ಅಂತ.

ನನ್ನ ಲೆಕ್ಕ ತಪ್ಪಿದ್ದು ಪ್ಲಂಬರ್ ವಿಷಯದಲ್ಲಿ. ಅವನು ಬಂದು ಆಗಲ್ಲ ಅನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಹಾಗೆ ಅನ್ನಲಿಲ್ಲ. ಅರ್ಜಿ ನೋಡಿದ, ಷರಾ ಖಾಲಿ, ಕೆಳಗೆ ನನ್ನ ಸಹಿ. ಮೇಡಂ ಒಪ್ಪಿದ ಮೇಲೆ ನನಗೇನು ಅಂತ ಕೊರೆಯುವ ಯಂತ್ರ ತರಿಸಿದ.

ನಾಲ್ಕನೇ ವಾರದ ಗುರುವಾರ ಬೆಳಿಗ್ಗೆ ನಾನು ಹನ್ನೊಂದನೇ ನಂಬರಿನಲ್ಲಿ ಟೆರೇಸಿಗೆ ನೀರು ಕಟ್ಟಿಸಿ ಸೋರಿಕೆ ಪರೀಕ್ಷೆ ಮಾಡಿಸುತ್ತಿದ್ದೆ. ಮೇಸ್ತ್ರಿ ಫೋನ್ ಮಾಡಿದರು. ನಂಜನಗೂಡು ಕಡೆಯವರು, ಇಪ್ಪತ್ತು ವರ್ಷದಿಂದ ನಮ್ಮ ಜೊತೆ ಇರುವವರು.

"ಮೇಡಮ್ನೋರೇ, ಏಳ್ನೇ ನಂಬರ್‌ನಾಗೆ ಬೀಮಿಗೆ ತೂತ ಆಕ್ತೀನಿ ಅಂತಾವ್ನೆ ಪ್ಲಂಬರು. ಗುರ್ತ್ ಮಾಡ್ಬುಟ್ಟವ್ನೆ. ಎಂಗೆ, ಆಕ್ಸದಾ?"

"ಎಲ್ಲಿ ಗುರುತು ಮಾಡಿದಾನೆ?"

"ತಳಕ್ಕೆ ಕಣ್ರವ್ವಾ. ರಾಡಿರೋ ತಾವ್ಲೇ. ನಿಮ್ ಸೈನ್ ಐತೆ ಅಂತಾವ್ನೆ. ನಂಗೆ ಯಾಕೋ ಮನ್ಸು ಒಪ್ತಿಲ್ಲ, ಅದ್ಕೇ ಕೇಳ್ಬುಡವಾ ಅಂತ."

ಕೈಯಲ್ಲಿದ್ದ ಅಳತೆ ಟೇಪು ಎಲ್ಲಿ ಬಿತ್ತೋ ಗೊತ್ತಿಲ್ಲ. "ಮೇಸ್ತ್ರಿ, ಯಂತ್ರದ ವೈರು ಕಿತ್ತುಹಾಕಿ! ಮೊದಲು ಕಿತ್ತುಹಾಕಿ, ಆಮೇಲೆ ಮಾತು!" ಅಂತ ಕೂಗಿ ಓಡಿದೆ. ಹನ್ನೊಂದಕ್ಕೂ ಏಳಕ್ಕೂ ನಡುವೆ ಜಲ್ಲಿ ರಾಶಿ, ಮರಳು ಜರಡಿ, ಸೆಂಟ್ರಿಂಗ್ ಹಲಗೆ. ಎರಡು ಸಲ ಎಡವಿದೆ.

ಹೋಗಿ ನೋಡಿದರೆ ಬೀಮಿನ ಮೇಲೆ ಕೆಂಪು ಪೆನ್ಸಿಲಿನ ದುಂಡು ಗುರುತು. ಮೇಸ್ತ್ರಿ ವೈರು ಕೀಳುವಷ್ಟರಲ್ಲಿ ಗುರುತಿನ ನಡುವೆ ಯಂತ್ರದ ಹಲ್ಲು ಒಂದು ಬೆರಳಿನ ದಪ್ಪದಷ್ಟು ಒಳಗೆ ಹೋಗಿತ್ತು. ಪ್ಲಾಸ್ಟರು ಹಾರಿ, ಕಾಂಕ್ರೀಟು ಸ್ವಲ್ಪ ಕಿತ್ತು ಬಂದಿತ್ತು. ಕಬ್ಬಿಣ ಇನ್ನೂ ಮುಟ್ಟಿರಲಿಲ್ಲ. ಏಣಿ ಹತ್ತಿ ಮೊಳೆ ಹಾಕಿ ಕೆದಕಿ ನೋಡಿದೆ, ಮತ್ತೆ ಕೆದಕಿದೆ, ಮುಟ್ಟಿರಲಿಲ್ಲ. ಅಷ್ಟು ಗಾಯ ತುಂಬಬಹುದು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ರಾಡು ಕತ್ತರಿಸಿ, ಅದರ ಮೇಲೆ ಫಾಲ್ಸ್ ಸೀಲಿಂಗ್ ಹಾಕಿ, ಯಾರಿಗೂ ಕಾಣದ ಹಾಗೆ ಬಣ್ಣ ಬಳಿದುಬಿಡುತ್ತಿದ್ದರು. ಕೆಳಗೆ ಅವರ ಊಟದ ಮೇಜು. ನಾನು ಅವನ ಮುಖ ಕೆಡುವುದನ್ನು ಕಾಯುತ್ತಿದ್ದೆ, ಮನೆ ಕೆಡುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಥೂ ನನ್ನ ಜನ್ಮಕ್ಕೆ.

ಕೆಲಸ ನಿಲ್ಲಿಸಿ ಮಾಲೀಕರಿಗೆ ತಿಳಿಸಿದೆ. ಅವರು ಎಲ್ಲರನ್ನೂ ಮಧ್ಯಾಹ್ನ ಏಳನೇ ನಂಬರಿಗೇ ಕರೆಸಿದರು. ದಂಪತಿ ಬಂದರು, ಸಲಹೆಗಾರ ಬಂದ. ನಾನು ಬೀಮಿನ ಕೆಳಗೆ ನಿಂತು, ಪೈಪು ಯಾಕೆ ಇಲ್ಲಿ ದಾಟುವ ಹಾಗಿಲ್ಲ ಅಂತ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದೆ. ಅಂಗಡಿಯವರ ಮುಖ ಬಿಳಿಚಿಕೊಂಡಿತು. ಹೆಂಡತಿ ಮೇಲಿನ ಗಾಯವನ್ನೇ ನೋಡುತ್ತಿದ್ದರು.

"ಏನಮ್ಮಾ, ಇದು ಅರ್ಜಿ ಬಂದಾಗ ಕಣ್ಣಿಗೆ ಬೀಳ್ಲಿಲ್ವಾ?" ಮಾಲೀಕರು ಕೇಳಿದರು. ಆಮೇಲೆ ಅವರೇ ದನಿ ಇಳಿಸಿ, "ಹೋಗ್ಲಿ ಬುಡಿ, ಹನ್ನೆರಡು ಮನೆ ಒಬ್ಬರೇ ನೋಡ್ಬೇಕು, ಒಂದೊಂದ್ಸಲ ಕಣ್ತಪ್ಪತ್ತೆ" ಎಂದರು.

ತಪ್ಪಿಸಿಕೊಳ್ಳಲು ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಹೌದು ಸರ್, ಕಣ್ತಪ್ಪಿತು ಅಂದಿದ್ದರೆ ಮುಗಿದಿತ್ತು. ನನ್ನ ನಾಲಿಗೆ ಅದಕ್ಕೇ ತಯಾರಾಗಿತ್ತು.

ಅಷ್ಟರಲ್ಲಿ ಸಲಹೆಗಾರ ಮುಂದೆ ಬಂದು ಕೈ ಮುಗಿದ. "ತಪ್ಪು ನಂದು ಸರ್. ಷರಾ ಖಾಲಿ ಇತ್ತು, ಆಗತ್ತೆ ಅಂದ್ಕೊಂಡ್ಬುಟ್ಟೆ. ಮೇಡಂನ ಒಂದು ಮಾತು ನೇರವಾಗಿ ಕೇಳ್ಬೇಕಿತ್ತು. ಅವರ ತಲೆ ಮೇಲೆ ಹಾಕ್ಬೇಡಿ."

ಅಂಗಡಿಯವರು ಅವನನ್ನು ನೋಡಿದ ರೀತಿ ನೋಡಬೇಕಿತ್ತು. ಮಾಲೀಕರೂ ಹಾಗೇ ನೋಡಿದರು. ತಪ್ಪು ನನ್ನದು, ಅದನ್ನು ಒಪ್ಪಿಕೊಂಡ ದೊಡ್ಡತನವೂ ಅವನಿಗೇ! ಇಷ್ಟು ದಿನ ಮರ್ಯಾದೆ ತೆಗೆದುಕೊಂಡ, ಕಾಫಿ ತೆಗೆದುಕೊಂಡ, ನನ್ನ ಮುಂದಿನ ನಕ್ಷೆ ತೆಗೆದುಕೊಂಡ, ಈಗ ನನ್ನ ತಪ್ಪನ್ನೂ ತೆಗೆದುಕೊಂಡು ಹೋಗುತ್ತಿದ್ದಾನೆ. ಪಶ್ಚಾತ್ತಾಪದಿಂದ ನಿಜ ಹೇಳಿದೆ ಅಂತ ಇಲ್ಲಿ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ತಡೆಯಲಾರದ ಹೊಟ್ಟೆಕಿಚ್ಚಿನಿಂದ ಹೇಳಿದೆ.

"ಕಣ್ತಪ್ಪಿಲ್ಲ ಸರ್. ಇವರ ತಪ್ಪೂ ಅಲ್ಲ. ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಖಾಲಿ ಬಿಟ್ಟೆ."

ಮಾಲೀಕರು "ಯಾಕಮ್ಮಾ?" ಅಂದರು, ನಿಜವಾಗಿ ಅರ್ಥವಾಗದವರ ಹಾಗೆ.

"ಇವರು ಹೇಳಿದ್ದು ನಡೆಯಬಾರದು, ಎಲ್ಲರ ಮುಂದೆ ಇವರಿಗೆ ಅವಮಾನ ಆಗಬೇಕು ಅಂತ."

ಸಲಹೆಗಾರ ತಲೆ ತಗ್ಗಿಸಿ ಉಂಗುರ ತಿರುಗಿಸುತ್ತ ನಿಂತ. ಮಾಲೀಕರು ಬೈದರು, ಚೆನ್ನಾಗಿಯೇ ಬೈದರು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. "ನಿಮ್ ಸೈನ್ ನೋಡಿದ್ಮೇಲೆ ನಾನು ಮತ್ತೆ ನೋಡ್ತಾನೇ ಇರ್ಲಿಲ್ಲ ಕಣಮ್ಮ, ಇಷ್ಟು ವರ್ಷ."

ಬೈಗುಳ ನಿಂತ ಮೇಲೆ ಸಲಹೆಗಾರ ನಕ್ಷೆ ಕೇಳಿದ. ನನ್ನ ಕೈಯಿಂದಲೇ ತೆಗೆದುಕೊಂಡು ನೆಲದ ಮೇಲೆ ಹರಡಿ ಕುಕ್ಕರಗಾಲಲ್ಲಿ ಕೂತ, ಬಿಳಿ ಪ್ಯಾಂಟಿಗೆ ಧೂಳು ಮೆತ್ತಿದ್ದೂ ನೋಡದೆ. ಬೆರಳಿಟ್ಟು ಅಳೆದ. "ಮೇಡಂ, ಈ ತಗ್ಗು ಒಂಬತ್ತಡಿ ಉದ್ದ ಅಲ್ವಾ? ನಮಗೆ ಬೇಡದ್ದು ಮೂಲೆ ಮಾತ್ರ. ಮೂಲೇಲಿ ಮೂರಡಿ ಬಿಟ್ಟು ಅಡ್ಡ ಗೋಡೆ ಹಾಕಿ, ಅದನ್ನ ಬಟ್ಟೆ ಇಡೋ ಗೂಡು ಮಾಡ್ಬುಟ್ರೆ? ಬಚ್ಚಲು ದಕ್ಷಿಣಕ್ಕೆ ಸರಿದು ಪೂರ್ವದಲ್ಲಿ ನಿಲ್ಲತ್ತೆ. ಈಶಾನ್ಯ ಖಾಲಿ. ಪೈಪು ತಗ್ಗಲ್ಲೇ ಓಡತ್ತೆ."

ನಾನು ಪಕ್ಕದಲ್ಲಿ ಕೂತು ಇಳಿಜಾರು ಲೆಕ್ಕ ಹಾಕಿದೆ. ಕಮೋಡಿನಿಂದ ಪೈಪಿನ ಗೂಡಿಗೆ ಎಂಟಡಿ, ಎರಡಿಂಚು ಇಳಿತ. ಸಲೀಸಾಗಿ ಕೂರುತ್ತಿತ್ತು. ಯಾವ ಸ್ಲ್ಯಾಬೂ ಒಡೆಯಬೇಕಿರಲಿಲ್ಲ, ಯಾವ ಬೀಮೂ ಮುಟ್ಟಬೇಕಿರಲಿಲ್ಲ. ಒಂದು ತೆಳು ಇಟ್ಟಿಗೆ ಗೋಡೆ ಸಾಕು.

"ಮೊದಲೇ ನೀವು ಆಗಲ್ಲ ಅಂತ ಬರೆದಿದ್ರೆ ಆವತ್ತೇ ಇದನ್ನ ಹೇಳ್ತಿದ್ದೆ ಮೇಡಂ" ಎಂದ, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ಅದರಲ್ಲಿ ಚುಚ್ಚು ಹುಡುಕಿದೆ, ಸಿಗಲಿಲ್ಲ. ಆ ನಿಮಿಷಕ್ಕೂ ನನಗೆ ಅನ್ನಿಸಿದ್ದು ಇಷ್ಟೇ, ಈ ಮೂರಡಿ ಗೋಡೆ ನನಗೆ ಯಾಕೆ ಹೊಳೆಯಲಿಲ್ಲ? ನನ್ನ ನಕ್ಷೆ, ನಾನೇ ಎಳೆದದ್ದು. ಅಷ್ಟು ಬೈಸಿಕೊಂಡ ಮೇಲೂ ಹೊಟ್ಟೆ ಇನ್ನೊಂದು ಸುತ್ತು ಉರಿಯಿತು.

ಅಂಗಡಿಯವರು ಮೇಲೆ ಹೋಗಿ ಆ ಮೂಲೆಯಲ್ಲಿ ನಿಂತು, ಕೈ ಚಾಚಿ ಅಳೆದು, ಸಮಾಧಾನದಿಂದ ಇಳಿದು ಬಂದರು. ಇದು ಒಡೆಯುವ ಬದಲಾವಣೆ ಅಲ್ಲವಾದ್ದರಿಂದ ಕಿಟಕಿಯನ್ನು ಮತ್ತೆ ಸೇರಿಸಬಹುದು ಅಂತ ನಾನು ಹೇಳಿದೆ. ಆದರೆ ಆ ಕಿಟಕಿಯ ಗೋಡೆಗೆ ಆಗಲೇ ಪ್ಲಾಸ್ಟರ್ ಆಗಿ, ಒಂದು ಪಕ್ಕಕ್ಕೆ ಸ್ವಿಚ್‌ಬೋರ್ಡೂ ಕೂತುಬಿಟ್ಟಿತ್ತು. ಆರಡಿ ಆಗುವುದಿಲ್ಲ, ನಾಲ್ಕೂವರೆ ಆಗುತ್ತದೆ. ಮಾಲೀಕರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಆಮೇಲೆ ಸಲಹೆಗಾರನನ್ನೂ ಅಂಗಡಿಯವರನ್ನೂ ಕರೆದುಕೊಂಡು ಕಾಫಿಗೆ ಹೊರಟರು. ನನ್ನನ್ನು ಕರೆಯಲಿಲ್ಲ.

ಹೆಂಡತಿ ಹೋಗಲಿಲ್ಲ. ಹಿಂದಿನ ಕೋಣೆಯಲ್ಲಿ, ಕಿಟಕಿ ಬರಬೇಕಾದ ಗೋಡೆಯ ಮುಂದೆ ನಿಂತಿದ್ದರು. ನಾನು ಕ್ಷಮೆ ಕೇಳಲು ಹೋದೆ. ಆಕೆ ಕೈ ಅಡ್ಡ ಹಿಡಿದರು.

"ಅದೆಲ್ಲಾ ಬೇಡ ಮೇಡಂ. ನಾನು ಗೀಟು ಹಾಕುವಾಗ ನೀವು ಎದುರಿಗೇ ಕೂತಿದ್ರಿ. ನಾಳೆ ನಾವು ಈ ಮನೇಲಿ ಅಡುಗೆ ಮಾಡ್ಕೊಂಡು, ಆ ಬೀಮ್ ಕೆಳಗೇ ಉಣ್ತಿದ್ವಿ. ನಮಗೆ ಏನೂ ಗೊತ್ತಾಗ್ತಿರ್ಲಿಲ್ಲ. ನಿಮಗೊಬ್ಬರಿಗೇ ಗೊತ್ತಿರ್ತಿತ್ತು."

ಆಕೆ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು.

"ನಂಗೆ ಒಂದೇ ಹೇಳಿ," ಎಂದರು. "ಹಿಂಗೆ ನಿಮಗೆ ಗೊತ್ತಿದ್ದೂ ನಮಗೆ ಹೇಳದೇ ಇರೋದು ಈ ಮನೇಲಿ ಇನ್ನೇನಿದೆ?"

ಏನೂ ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಇತ್ತು. ಎಲ್ಲ ಮನೆಗಳಲ್ಲೂ ಇರುತ್ತದೆ, ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆಕೆ ಚೀಲದಿಂದ ರವಿಕೆ ಅಳತೆ ಬರೆದುಕೊಳ್ಳುವ ಪುಸ್ತಕ ತೆಗೆದು, ಹೊಸ ಹಾಳೆ ತಿರುಗಿಸಿ, ಪೆನ್ಸಿಲ್ ಹಿಡಿದು ನಿಂತರು. ನಾನು ಅವರನ್ನು ಮೇಲಕ್ಕೆ ಕರೆದುಕೊಂಡು ಹೋದೆ.

ಮಲಗುವ ಕೋಣೆಯ ಸಜ್ಜದ ಅಡಿಯಲ್ಲಿ ನೀರು ತೊಟ್ಟಿಕ್ಕಿ ಹೊರಗೇ ಬೀಳಲು ಒಂದು ಗೀರು ಬಿಡಬೇಕು, ಬಿಟ್ಟಿಲ್ಲ, ಮಳೆ ಜೋರಾದರೆ ಗೋಡೆ ಒದ್ದೆಯಾಗುತ್ತದೆ ಅಂತ ತೋರಿಸಿದೆ. ಬರೆದುಕೊಂಡರು. ಮೆಟ್ಟಿಲ ಹತ್ತಿರ ಕಂಬವೂ ಇಟ್ಟಿಗೆಯೂ ಕೂಡುವ ಕಡೆ ಪ್ಲಾಸ್ಟರಿನ ಒಳಗೆ ತಂತಿ ಬಲೆ ಹಾಕಿಲ್ಲ, ಬೇಸಿಗೆಗೆ ಕೂದಲೆಳೆಯ ಬಿರುಕು ಬರುತ್ತದೆ ಎಂದೆ. ಬರೆದುಕೊಂಡರು. ಹಾಲಿನಲ್ಲಿ ಮಂಡಿಯೂರಿ ಒಂದು ನಾಣ್ಯದಲ್ಲಿ ಟೈಲ್ಸ್ ಮೇಲೆ ತಟ್ಟುತ್ತ ಬಂದೆ. ನಾಲ್ಕು ಕಡೆ ಟೊಳ್ಳು ಸದ್ದು ಬಂತು. ಅವರೂ ಪಕ್ಕದಲ್ಲಿ ಮಂಡಿಯೂರಿ ನಾಣ್ಯ ಇಸಿದುಕೊಂಡು ತಾವೇ ತಟ್ಟಿ ಕೇಳಿದರು, ನಾಲ್ಕಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಅಡುಗೆಮನೆಯ ಸಿಂಕಿನ ಪೈಪಿಗೆ ಇಳಿಜಾರು ಸಾಲದು ಅಂತಲೂ ಹೇಳಿದೆ. ಅದನ್ನು ಮೇಸ್ತ್ರಿಗೂ ಹೇಳಿರಲಿಲ್ಲ. ಹೊರಗೆ ಬಂದು ಗೇಟಿನ ತನಕ ನಡೆದೆವು. ನನ್ನ ಹತ್ತಿರ ಹೇಳುವುದು ಮುಗಿದಿತ್ತು.

"ಇಷ್ಟೇ," ಎಂದೆ.

"ಇಷ್ಟೇನಾ?"

"ಇಷ್ಟೇ, ನಿಜವಾಗ್ಲೂ."

ಆಕೆ ನನ್ನ ಮುಖ ನೋಡಿದರು. ಕೋಪ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಪುಸ್ತಕ ಮುಚ್ಚಲಿಲ್ಲ.

"ಬನ್ನಿ," ಅಂದರು. "ಇನ್ನೊಂದ್ಸಲ ಮೇಲಿಂದ ನೋಡ್ಕೊಂಡು ಬರೋಣ."